ಡಕ್ಟಿನೊಳಗಿನ ಫ್ಯಾನು, ಕಂಪ್ಯೂಟರಿನೊಳಗಿನ ಗಾಳಿ

ಬೆಳಿಗ್ಗೆ ಏಳರ ಹೊತ್ತಿಗೆ ಯಾವುದಾದರೂ ದರ್ಶಿನಿಯ ಅಡುಗೆಮನೆಗೆ ಇಣುಕಿ ನೋಡಿ. ಕಾವಲಿಯ ಮೇಲೆ ಸಾಲಾಗಿ ದೋಸೆ, ಅದರ ಮೇಲೆ ಸ್ಟೀಲಿನ ದೊಡ್ಡ ಹುಡ್, ಹುಡ್ಡಿನಿಂದ ಹೊರಟು ಗೋಡೆ ದಾಟಿ ತಾರಸಿಯವರೆಗೆ ಏರುವ ತಗಡಿನ ಡಕ್ಟು. ಫ್ಯಾನ್ ಮಾತ್ರ ಕಣ್ಣಿಗೆ ಬೀಳುವುದಿಲ್ಲ, ಡಕ್ಟಿನೊಳಗೆಲ್ಲೋ ಕೂತು ಗುಂಯ್ ಎನ್ನುತ್ತಿರುತ್ತದೆ. ಅದು ಸರಿಯಾಗಿ ಎಳೆಯುವಷ್ಟು ದಿನ ಯಾರೂ ಅದರ ಸುದ್ದಿ ಎತ್ತುವುದಿಲ್ಲ. ಎಳೆಯುವುದು ನಿಲ್ಲಿಸಿತೋ, ಒಗ್ಗರಣೆಯ ಘಾಟು ಹೊರಗೆ ನುಗ್ಗಿ ಕಾಫಿ ಕುಡಿಯುತ್ತಿರುವವರೆಲ್ಲ ಕೆಮ್ಮತೊಡಗುತ್ತಾರೆ.

ಆಗ ಮಾಲೀಕರಿಗೆ ಮೊದಲು ಹೊಳೆಯುವ ಪರಿಹಾರ ಇನ್ನೂ ದೊಡ್ಡ ಫ್ಯಾನ್. ಎಷ್ಟೋ ಸಲ ಅದೂ ಕೈಕೊಡುತ್ತದೆ.

ಟೇಬಲ್ ಫ್ಯಾನಿಗೆ ಇಡೀ ಕೋಣೆ ಬಯಲು. ಹಿಂದಿನಿಂದ ಬೇಕಾದಷ್ಟು ಗಾಳಿ ಎಳೆದುಕೊಂಡು ಮುಂದಕ್ಕೆ ತಳ್ಳಬಹುದು. ಡಕ್ಟಿನೊಳಗೆ ಕೂತ ಫ್ಯಾನಿನ ಪಾಡು ಬೇರೆ. ಜಾಲರಿಗೆ ಅಂಟಿದ ಎಣ್ಣೆಜಿಡ್ಡು, ಡಕ್ಟಿನ ತಿರುವು, ತಾರಸಿಯ ಮೇಲಿನ ಮಳೆಮುಚ್ಚಳ ಒಂದೊಂದೂ ಗಾಳಿಗೆ ಅಡ್ಡ ನಿಲ್ಲುತ್ತವೆ. ಗಣಿಗಳಿಗೆ ಗಾಳಿ ಇಳಿಸುವ ಲೆಕ್ಕವನ್ನು 1854ರಲ್ಲೇ ಬರೆದಿಟ್ಟ ಇಂಗ್ಲೆಂಡಿನ ಜಾನ್ ಅಟ್ಕಿನ್ಸನ್ ಈ ಅಡ್ಡಿಗೊಂದು ನಿಯಮ ಕೊಟ್ಟ: ಹರಿವು ಎರಡು ಪಟ್ಟಾಗಬೇಕಾದರೆ ಒತ್ತಡ ನಾಲ್ಕು ಪಟ್ಟಾಗಬೇಕು. ಹಾಗಾದಾಗ ಖರ್ಚಾಗುವ ಶಕ್ತಿ ಎಂಟು ಪಟ್ಟು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಕೋಲಾರದ ಚಾಂಪಿಯನ್ ರೀಫ್ ಗಣಿಗೂ ಇದೇ ನಿಯಮ, ದರ್ಶಿನಿಯ ಡಕ್ಟಿಗೂ ಇದೇ. ಫ್ಯಾನ್ ಕೊಡಬಲ್ಲ ಒತ್ತಡವೂ ಡಕ್ಟು ಕೇಳುವ ಒತ್ತಡವೂ ಎಲ್ಲಿ ಸಮವಾಗುತ್ತವೋ ಅಷ್ಟೇ ಗಾಳಿ ಹರಿಯುತ್ತದೆ. ಹಾಗಾಗಿ ಡಕ್ಟನ್ನು ಬಿಟ್ಟು ಫ್ಯಾನಿನ ಬಗ್ಗೆ ಮಾತಾಡಿದರೆ ಅರ್ಧ ಮಾತಾಡಿದಂತೆ.

ಈ ಜೋಡಿಯ ವರ್ತನೆಯನ್ನು ತಗಡು ಕತ್ತರಿಸುವ ಮೊದಲೇ ತಿಳಿಯಲು ಎಂಜಿನಿಯರುಗಳು ಇಂದು ಕಂಪ್ಯೂಟರಿನ ಮೊರೆ ಹೋಗುತ್ತಾರೆ. ಹರಿವಿನ ಸಿಮ್ಯುಲೇಶನ್ ಎಂದೂ ಸಿಎಫ್‌ಡಿ ಎಂದೂ ಅದನ್ನು ಕರೆಯುವುದು ರೂಢಿ. ಫ್ರಾನ್ಸಿನ ನೇವಿಯರ್ 1822ರಲ್ಲಿ ಆರಂಭಿಸಿ, ಸ್ಟೋಕ್ಸ್ 1845ರಲ್ಲಿ ಗಟ್ಟಿಗೊಳಿಸಿದ ಸಮೀಕರಣಗಳು ಗಾಳಿ, ನೀರುಗಳ ಚಲನೆಯನ್ನು ವಿವರಿಸುತ್ತವೆ. ಡಕ್ಟಿನೊಳಗೆ ರೆಕ್ಕೆ ತಿರುಗುವಂಥ ಸಂದರ್ಭಕ್ಕೆ ಅವುಗಳನ್ನು ಕಾಗದದ ಮೇಲೆ ಬಿಡಿಸಲು ಆಗುವುದಿಲ್ಲ. ಆದ್ದರಿಂದ ಡಕ್ಟಿನೊಳಗಿನ ಜಾಗವನ್ನು ಲಕ್ಷಾಂತರ ಪುಟ್ಟ ಕೋಶಗಳಾಗಿ ಒಡೆದು, ಪ್ರತಿ ಕೋಶಕ್ಕೂ ಬರುವ ಗಾಳಿ ಎಷ್ಟು, ಹೋಗುವುದು ಎಷ್ಟು, ಒತ್ತಡ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಕೋಶಗಳ ಈ ಬಲೆಗೆ ಮೆಶ್ ಎನ್ನುತ್ತಾರೆ. ಒತ್ತಡ ಮತ್ತು ವೇಗವನ್ನು ಒಂದಕ್ಕೊಂದು ಹೊಂದಿಸುತ್ತಾ ಉತ್ತರಕ್ಕೆ ಹತ್ತಿರವಾಗುವ, ಇಂದಿಗೂ ಬಳಕೆಯಲ್ಲಿರುವ ವಿಧಾನವೊಂದನ್ನು 1972ರಲ್ಲಿ ಪ್ರಕಟಿಸಿದವರಲ್ಲಿ ಒಬ್ಬರು ನಮ್ಮವರೇ. ಪುಣೆಯಲ್ಲೂ ಮುಂಬೈ ಐಐಟಿಯಲ್ಲೂ ಓದಿ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೋದ ಸುಹಾಸ್ ಪಾಟಣಕರ್. ಇನ್ನೊಬ್ಬರು ಅವರ ಗುರು ಬ್ರಯನ್ ಸ್ಪಾಲ್ಡಿಂಗ್.

ಜಾಗವನ್ನು ಚೌಕಗಳಾಗಿ ಒಡೆದು ಗಾಳಿಯ ಲೆಕ್ಕ ಹಾಕುವ ಸಾಹಸವನ್ನು ಕಂಪ್ಯೂಟರ್ ಹುಟ್ಟುವ ಮೊದಲೇ ಮಾಡಿದವನು ಲೂಯಿಸ್ ಫ್ರೈ ರಿಚರ್ಡ್‌ಸನ್. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಗಾಯಾಳುಗಳನ್ನು ಸಾಗಿಸುವ ಕೆಲಸದಲ್ಲಿದ್ದ ಆತ, ಬಿಡುವಿನಲ್ಲಿ ಕುಳಿತು 1910ರ ಮೇ 20ರ ಹವಾಮಾನವನ್ನು ಕೈಲೆಕ್ಕದಲ್ಲಿ ಕಂಡುಹಿಡಿಯಲು ಹೊರಟ. ಆರು ಗಂಟೆಗಳಲ್ಲಿ ವಾಯುಭಾರ 145 ಮಿಲಿಬಾರ್ ಏರುತ್ತದೆ ಎಂದು ಉತ್ತರ ಬಂತು. ನಿಜವಾಗಿ ಆ ದಿನ ಭಾರಮಾಪಕ ಅಲುಗಿರಲೇ ಇಲ್ಲ ಎನ್ನಬೇಕು. ಆತನ ವಿಧಾನದಲ್ಲಿ ದೋಷವಿರಲಿಲ್ಲ, ಲೆಕ್ಕ ಶುರುಮಾಡಲು ಕೊಟ್ಟ ಅಂಕಿಗಳಲ್ಲಿತ್ತು ಎಂದು ಮುಂದೆ ವಿಜ್ಞಾನಿಗಳು ತೋರಿಸಿದರು. 1922ರ ತನ್ನ ಪುಸ್ತಕದಲ್ಲಿ ರಿಚರ್ಡ್‌ಸನ್ ಈ ಸೋಲನ್ನು ಮುಚ್ಚಿಡದೆ ಬರೆದ. ಆ ಪ್ರಾಮಾಣಿಕತೆಗೆ ಕೈಮುಗಿಯಬೇಕು. ಇಂದು ಫ್ಯಾನ್ ಸಿಮ್ಯುಲೇಶನ್ ತಪ್ಪುವುದೂ ಬಹುಮಟ್ಟಿಗೆ ಅಲ್ಲೇ. ತಂತ್ರಾಂಶ ಲೆಕ್ಕ ತಪ್ಪುವುದಿಲ್ಲ, ಅದರ ಮುಂದೆ ಇಡುವ ಪ್ರಶ್ನೆ ತಪ್ಪಿರುತ್ತದೆ.

ಪ್ರಶ್ನೆ ಇಡುವುದು ಎಂದರೇನು? ಹೋಟೆಲಿನ ಡಕ್ಟಿಗೆ ಹಾಕುವಂಥ ಒಂದು ಫ್ಯಾನನ್ನೇ ಎತ್ತಿಕೊಳ್ಳೋಣ. 600 ಮಿಲಿಮೀಟರ್ ವ್ಯಾಸ, ಆರು ರೆಕ್ಕೆ, ನಿಮಿಷಕ್ಕೆ 1440 ಸುತ್ತು. 1440 ಎಂಬ ಸಂಖ್ಯೆ ಮೋಟಾರಿನ ತಗಡಿನ ಮೇಲೆ ಬರೆದಿರುವುದನ್ನು ಹಲವರು ನೋಡಿರುತ್ತಾರೆ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ನಾಲ್ಕು ಧ್ರುವಗಳ ಮೋಟಾರು 1500 ಸುತ್ತಬೇಕು, ಭಾರ ಎಳೆಯುವಾಗ ಸ್ವಲ್ಪ ಹಿಂದೆ ಬಿದ್ದು 1440ಕ್ಕೆ ನಿಲ್ಲುತ್ತದೆ. ಅಂದರೆ ಸೆಕೆಂಡಿಗೆ 24 ಸುತ್ತು. ರೆಕ್ಕೆಯ ತುದಿ ಗಂಟೆಗೆ ಸುಮಾರು 163 ಕಿಲೋಮೀಟರ್ ವೇಗದಲ್ಲಿ ಡಕ್ಟಿನ ಗೋಡೆಯ ಪಕ್ಕದಲ್ಲೇ ಹಾಯುತ್ತಿರುತ್ತದೆ.

ಪಕ್ಕದಲ್ಲೇ ಅಂದರೆ ಎಷ್ಟು ಪಕ್ಕ? ಇಂಥ ಫ್ಯಾನಿನಲ್ಲಿ ತುದಿಗೂ ಗೋಡೆಗೂ ನಡುವೆ ಕೆಲವೇ ಮಿಲಿಮೀಟರ್ ಸಂದು ಇರುತ್ತದೆ. ರೆಕ್ಕೆಯ ಮುಂದೆ ಒತ್ತಡ ಹೆಚ್ಚು, ಹಿಂದೆ ಕಡಿಮೆ. ಆದ್ದರಿಂದ ಮುಂದಕ್ಕೆ ತಳ್ಳಿದ ಗಾಳಿಯ ಒಂದು ಪಾಲು ಈ ಸಂದಿನಿಂದ ನುಸುಳಿ ಹಿಂದಕ್ಕೇ ಓಡಿ ಸುಳಿಯಾಗಿ ಸುತ್ತಿಕೊಳ್ಳುತ್ತದೆ. ಫ್ಯಾನಿನ ದಕ್ಷತೆಯನ್ನೂ ಸದ್ದನ್ನೂ ನಿರ್ಧರಿಸುವುದರಲ್ಲಿ ಈ ಸುಳಿಗೆ ದೊಡ್ಡ ಪಾತ್ರ. ಸಿಮ್ಯುಲೇಶನ್ ಮಾಡುವ ಹೊಸಬರು ಮೊದಲು ಮುಚ್ಚಿಬಿಡುವುದು ಇದೇ ಸಂದನ್ನು! ಕೂದಲಿನಂಥ ಜಾಗಕ್ಕೆ ಮೆಶ್ ಹಾಕುವುದು ಪೀಕಲಾಟ, ಕೋಶಗಳ ಸಂಖ್ಯೆ ಏರುತ್ತದೆ, ಆದ್ದರಿಂದ ರೆಕ್ಕೆಯನ್ನು ಗೋಡೆಗೇ ಅಂಟಿಸಿ ಚಿತ್ರ ಬರೆಯುತ್ತಾರೆ. ಸೋರಿಕೆಯೇ ಇಲ್ಲದ ಫ್ಯಾನ್ ತಯಾರಾಗುತ್ತದೆ. ಒತ್ತಡ ಇರುವುದಕ್ಕಿಂತ ಹೆಚ್ಚು ಬರುತ್ತದೆ. ಸಂದನ್ನು ಉಳಿಸಿಕೊಂಡು, ಅದರ ಅಗಲದೊಳಗೆ ಹತ್ತಾರು ಕೋಶಗಳನ್ನಾದರೂ ಕೂರಿಸುವುದು ಸರಿಯಾದ ದಾರಿ.

ಗೋಡೆಗೆ ಅಂಟಿದ ಗಾಳಿಯೂ ಹಾಗೇ ಸೂಕ್ಷ್ಮ. ರೆಕ್ಕೆಯ ಮೈಗೆ ತಾಗಿದ ಗಾಳಿ ರೆಕ್ಕೆಯ ಜೊತೆಗೇ ಚಲಿಸುತ್ತದೆ, ತುಸು ದೂರ ಹೋದೊಡನೆ ವೇಗ ಒಮ್ಮೆಲೇ ಬದಲಾಗುತ್ತದೆ. ಈ ತೆಳು ಪದರವನ್ನು ಪೂರ್ತಿ ಹಿಡಿಯಬೇಕೆಂದರೆ ಮೊದಲ ಕೋಶದ ದಪ್ಪ ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿರಬೇಕು. ಅಷ್ಟು ಆಗದವರು ಗೋಡೆಯ ಬಳಿಯ ವೇಗಕ್ಕೆ ಸಿದ್ಧ ಸೂತ್ರ ಬಳಸಿ ಕೆಲಸ ನಡೆಸುತ್ತಾರೆ. ಗಾಳಿಯ ಒಳಗಿನ ಕ್ಷೋಭೆಯನ್ನೂ ಸೂತ್ರಗಳಿಂದಲೇ ಅಂದಾಜು ಮಾಡಬೇಕು. 1970ರ ದಶಕದಲ್ಲಿ ಲಾಂಡರ್ ಮತ್ತು ಸ್ಪಾಲ್ಡಿಂಗ್ ಬೆಳೆಸಿದ ಕೆ-ಎಪ್ಸಿಲಾನ್ ಮಾದರಿ, 1994ರಲ್ಲಿ ಮೆಂಟರ್ ಪ್ರಕಟಿಸಿದ ಎಸ್‌ಎಸ್‌ಟಿ ಮಾದರಿ ಹೆಚ್ಚು ಚಾಲ್ತಿಯಲ್ಲಿವೆ. ರೆಕ್ಕೆಯ ಬೆನ್ನಿನಿಂದ ಗಾಳಿ ಬಿಟ್ಟುಕೊಳ್ಳುವ ಜಾಗವನ್ನು ಗುರುತಿಸುವುದರಲ್ಲಿ ಎರಡನೆಯದು ಹೆಚ್ಚು ನಂಬಿಕಸ್ಥ.

ಇನ್ನು ತಿರುಗಿಸುವ ಮಾತು. ಫ್ಯಾನ್ ಸಿಮ್ಯುಲೇಶನ್ನಿನಲ್ಲಿ ಹೊಸಬರಿಗೆ ಎದುರಾಗುವ ಮೊದಲ ಅಚ್ಚರಿ ಎಂದರೆ, ಹೆಚ್ಚಿನ ಸಂದರ್ಭಗಳಲ್ಲಿ ಕಂಪ್ಯೂಟರಿನೊಳಗೆ ಫ್ಯಾನ್ ತಿರುಗುವುದೇ ಇಲ್ಲ. ಜಾತ್ರೆಯಲ್ಲಿ ಸುತ್ತುವ ಮರದ ಕುದುರೆಯ ಮೇಲೆ ಕೂತ ಮಗುವಿನ ಕಣ್ಣಿಗೆ ಪಕ್ಕದ ಕುದುರೆ ನಿಂತೇ ಇರುತ್ತದೆ. ಸುತ್ತುವುದು ಜಾತ್ರೆ, ಕಡ್ಲೆಪುರಿ ಅಂಗಡಿ, ಕೆಳಗೆ ನಿಂತ ಅಪ್ಪ. ಎಂಜಿನಿಯರುಗಳು ಮಾಡುವುದೂ ಅದನ್ನೇ. ರೆಕ್ಕೆಗಳ ಸುತ್ತ ಒಂದು ಸಿಲಿಂಡರಿನಾಕಾರದ ವಲಯ ಗುರುತಿಸಿ, ಅದರೊಳಗಿನ ಲೆಕ್ಕವನ್ನು ರೆಕ್ಕೆಯ ಮೇಲೆ ಕೂತವರ ದೃಷ್ಟಿಯಿಂದ ಮಾಡುತ್ತಾರೆ. ಅಲ್ಲಿ ರೆಕ್ಕೆ ಸ್ತಬ್ಧ. ಸುತ್ತುವಿಕೆಯ ಪರಿಣಾಮವನ್ನು ಕೇಂದ್ರಾಪಗಾಮಿ ಬಲ, ಕೊರಿಯೊಲಿಸ್ ಬಲಗಳ ರೂಪದಲ್ಲಿ ಸಮೀಕರಣಕ್ಕೆ ಸೇರಿಸಲಾಗುತ್ತದೆ. ವಲಯದ ಹೊರಗಿನ ಡಕ್ಟಿಗೆ ಮಾಮೂಲಿ ಲೆಕ್ಕ. ಈ ಉಪಾಯಕ್ಕೆ ಎಂಆರ್‌ಎಫ್ ಎಂದು ಹೆಸರು.

ಡಕ್ಟಿನ ಫ್ಯಾನಿಗೇ ವಿಶೇಷವಾದ ಗುಂಡಿಯೊಂದು ಇಲ್ಲಿದೆ. ಸುತ್ತುವ ವಲಯವನ್ನು ರೆಕ್ಕೆಯ ತುದಿ ದಾಟಿ ಡಕ್ಟಿನ ಗೋಡೆಯವರೆಗೂ ಎಳೆದಿದ್ದೀರಿ ಎನ್ನಿ. ವಲಯದೊಳಗಿನ ಮೈಗಳೆಲ್ಲ ರೆಕ್ಕೆಯೊಂದಿಗೆ ಸುತ್ತುತ್ತವೆ ಎಂದು ತಂತ್ರಾಂಶ ಭಾವಿಸಿದರೆ, ತಗಡಿನ ಡಕ್ಟೂ ಗಂಟೆಗೆ 163 ಕಿಲೋಮೀಟರ್ ವೇಗದಲ್ಲಿ ಗಿರಗಿರನೆ ತಿರುಗತೊಡಗುತ್ತದೆ! ರೆಕ್ಕೆ ತುದಿಗೂ ಗೋಡೆಗೂ ನಡುವಿನ ಉಜ್ಜಾಟ ಮಾಯವಾಗುತ್ತದೆ, ಗೋಡೆಯೇ ಗಾಳಿಯನ್ನು ಸುತ್ತಿಸುತ್ತದೆ. ಪರದೆಯ ಮೇಲೆ ಮೂಡುವ ಬಣ್ಣದ ಚಿತ್ರ ಮಾತ್ರ ಸೊಗಸಾಗಿರುತ್ತದೆ, ತಪ್ಪು ಎಂದು ಸಾರುವ ಒಂದು ಗುರುತೂ ಇರುವುದಿಲ್ಲ. ಈ ಗೋಡೆ ನೆಲಕ್ಕೆ ಹೋಲಿಸಿದರೆ ನಿಂತಿದೆ ಎಂದು ಬೇರೆಯಾಗಿ ಹೇಳಬೇಕು. ಓಪನ್‌ಫೋಮ್ ತಂತ್ರಾಂಶದಲ್ಲಿ ತಿರುಗದ ಮೈಗಳ ಹೆಸರು ಬರೆಯಲು ಒಂದು ಸಾಲು ಇದೆ. ಆ ಒಂದು ಸಾಲು ಬಿಟ್ಟುಹೋದರೆ ಸಾಕು, ಇಡೀ ಲೆಕ್ಕ ಬೇರೆ ಯಾವುದೋ ಯಂತ್ರದ್ದಾಗುತ್ತದೆ.

ವೇಗದ ಘಟಕದಲ್ಲೂ ಅಷ್ಟೇ ಎಚ್ಚರ ಬೇಕು. ಹಲವು ತಂತ್ರಾಂಶಗಳು ಕೋನವೇಗವನ್ನು ಸೆಕೆಂಡಿಗೆ ಇಷ್ಟು ರೇಡಿಯನ್ ಎಂದು ಕೇಳುತ್ತವೆ. 1440 ಸುತ್ತು ಅಲ್ಲಿ 150.8 ಆಗಬೇಕು. ಅವಸರದಲ್ಲಿ 1440 ಎಂದೇ ತುಂಬಿದರೆ ಫ್ಯಾನ್ ಒಂಬತ್ತೂವರೆ ಪಟ್ಟು ಜೋರಾಗಿ ಓಡುತ್ತದೆ. ಒತ್ತಡ ವೇಗದ ವರ್ಗಕ್ಕೂ ಶಕ್ತಿ ವೇಗದ ಘನಕ್ಕೂ ಅನುಗುಣವಾಗಿ ಏರುವುದರಿಂದ ಒತ್ತಡ ಸುಮಾರು 91 ಪಟ್ಟು, ಶಕ್ತಿ ಸುಮಾರು 870 ಪಟ್ಟು ಆಗಿ ಕೂರುತ್ತದೆ. ಇಷ್ಟು ದೊಡ್ಡ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಅದೊಂದು ಪುಣ್ಯ. ತಿರುಗುವ ದಿಕ್ಕು ಅದಲುಬದಲಾದರೆ ಅಷ್ಟು ಬೇಗ ಗೊತ್ತಾಗುವುದಿಲ್ಲ, ಯಾಕೆಂದರೆ ಉಲ್ಟಾ ತಿರುಗಿದರೂ ಫ್ಯಾನ್ ಗಾಳಿ ತಳ್ಳುತ್ತದೆ, ಹಿಂದಕ್ಕೆ ಮತ್ತು ಕಡಿಮೆ.

ಡಕ್ಟಿನ ಎರಡು ಬಾಯಿಗಳಲ್ಲಿ ಏನು ಹೇಳಬೇಕು ಎಂಬುದು ಇನ್ನೊಂದು ತೀರ್ಮಾನ. ಒಳಬಾಯಿಯಲ್ಲಿ ಗಾಳಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬರುತ್ತದೆ ಎಂದು ತುಂಬಿದವರು, ಕೊನೆಗೆ ಫ್ಯಾನ್ ಎಷ್ಟು ಗಾಳಿ ಎಳೆಯಿತು ಎಂದು ನೋಡಿ ಸಂತೋಷಪಟ್ಟರೆ ಅರ್ಥವಿಲ್ಲ. ಆ ಉತ್ತರವನ್ನು ಅವರೇ ಕೊಟ್ಟಾಗಿದೆ. ವೇಗ ಕೊಟ್ಟರೆ ಒತ್ತಡ ಕೇಳಬೇಕು, ಎರಡೂ ಬಾಯಿಗೆ ಒತ್ತಡ ಕೊಟ್ಟರೆ ಹರಿವು ಕೇಳಬೇಕು. ಬಾಯಿಗಳು ಫ್ಯಾನಿಗೆ ತೀರ ಹತ್ತಿರವಿದ್ದರೂ ಕಷ್ಟ. ಫ್ಯಾನಿನಿಂದ ಹೊರಬಿದ್ದ ಗಾಳಿ ತಿರುಚಿಕೊಂಡು ಸಾಗುತ್ತದೆ, ಅದು ತಣಿಯಲು ವ್ಯಾಸದ ಐದು, ಹತ್ತು ಪಟ್ಟು ಉದ್ದದ ಡಕ್ಟನ್ನು ಚಿತ್ರದಲ್ಲಿ ಸೇರಿಸುವುದು ವಾಡಿಕೆ.

ದುಂಡು ಡಕ್ಟು, ನೇರ ಹರಿವು ಇದ್ದರೆ ಆರು ರೆಕ್ಕೆಗಳಲ್ಲಿ ಒಂದನ್ನು, ಅಂದರೆ 60 ಡಿಗ್ರಿಯ ಒಂದು ಹೋಳನ್ನು ಲೆಕ್ಕ ಹಾಕಿದರೂ ನಡೆಯುತ್ತದೆ. ನಮ್ಮ ಹೋಟೆಲುಗಳಲ್ಲಿ ಅಷ್ಟು ಜಾಗವೆಲ್ಲಿ? ಜಾಗ ಉಳಿಸಲು ಫ್ಯಾನಿನ ಮೂತಿಗೇ ಡಕ್ಟಿನ ತಿರುವು ಬಂದಿರುತ್ತದೆ. ತಿರುವಿನಿಂದ ಬಂದ ಗಾಳಿ ಒಂದು ಮಗ್ಗುಲಿಗೆ ಒತ್ತಿಕೊಂಡಿರುತ್ತದೆ, ಪ್ರತಿ ರೆಕ್ಕೆಯೂ ಒಂದೊಂದು ಸುತ್ತಿನಲ್ಲಿ ಗಾಳಿ ಹೆಚ್ಚಿರುವ ಕಡೆ ಮತ್ತು ಕಡಿಮೆಯಿರುವ ಕಡೆ ಹಾದು ಬರಬೇಕು. ಕ್ಯಾಟಲಾಗಿನಲ್ಲಿ ನೀಡಿದಷ್ಟು ಗಾಳಿ ಫ್ಯಾನ್ ಕೊಡದಿರಲು ಇದು ಬಹಳ ಸಾಮಾನ್ಯ ಕಾರಣ. ದೊಡ್ಡ ಫ್ಯಾನ್ ತಂದರೂ ಘಾಟು ಹೋಗದ ಅಡುಗೆಮನೆಗಳಲ್ಲಿ ಮೊದಲು ನೋಡಬೇಕಾದದ್ದು ಈ ತಿರುವನ್ನೂ ಜಿಡ್ಡು ಹಿಡಿದ ಜಾಲರಿಯನ್ನೂ.

ಇಂಥ ಸಂದರ್ಭಕ್ಕೆ ಎಂಆರ್‌ಎಫ್ ಉಪಾಯ ಸಾಲದು. ಅದು ರೆಕ್ಕೆಗಳನ್ನು ಒಂದೇ ಭಂಗಿಯಲ್ಲಿ ನಿಲ್ಲಿಸಿ ತೆಗೆದ ಫೋಟೋ ಇದ್ದಹಾಗೆ. ಪಕ್ಕದಲ್ಲೇ ಮೋಟಾರಿನ ಆಧಾರದ ಪಟ್ಟಿಗಳಿದ್ದರೆ ಪ್ರತಿ ರೆಕ್ಕೆಯ ಹಿಂದಿನ ಸುಳಿ ಅವುಗಳಿಗೆ ಬಡಿಯುವ, ಬಿಡುವ ಕ್ರಿಯೆ ಫೋಟೋದಲ್ಲಿ ಬರುವುದಿಲ್ಲ. ಆರು ರೆಕ್ಕೆ, 24 ಸುತ್ತು ಸೇರಿ ಸೆಕೆಂಡಿಗೆ 144 ಬಡಿತ. ಡಕ್ಟಿನಿಂದ ಕೇಳುವ ಗುಂಯ್‌ಗುಟ್ಟುವಿಕೆಯ ಮೂಲ ಸ್ವರ ಅದೇ. ಅದನ್ನು ಹಿಡಿಯಲು ಮೆಶ್ಶಿನ ಒಳವಲಯವನ್ನು ನಿಜವಾಗಿಯೇ ತುಸುತುಸುವೇ ತಿರುಗಿಸಬೇಕು. ಒಂದು ಹೆಜ್ಜೆಗೆ ಒಂದು ಡಿಗ್ರಿ ಎಂದರೆ ಪ್ರತಿ ಹೆಜ್ಜೆ ಸೆಕೆಂಡಿನ 8,640ನೇ ಒಂದು ಭಾಗ. ಆರಂಭದ ಗೊಂದಲ ತಣಿಯಲು ಹತ್ತು ಸುತ್ತು ಬೇಕೆಂದರೂ 3,600 ಹೆಜ್ಜೆ, ಪ್ರತಿ ಹೆಜ್ಜೆಯಲ್ಲಿ ಮತ್ತೆ ಹತ್ತಾರು ಸಲ ಲೆಕ್ಕ. ಅರ್ಧ ಸೆಕೆಂಡೂ ಆಗದ ಗಾಳಿಯ ಆಟಕ್ಕೆ ಯಂತ್ರ ದಿನಗಟ್ಟಲೆ ದುಡಿಯುತ್ತದೆ.

ಮೆಟ್ರೊ ಸುರಂಗದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಬೆಂಗಳೂರಿನ ನಮ್ಮ ಮೆಟ್ರೊದಲ್ಲಿ ಕಬ್ಬನ್ ಪಾರ್ಕಿನಿಂದ ಮೆಜೆಸ್ಟಿಕ್ ಕಡೆಗೆ ಸಾಗುವ ಸುಮಾರು 4.8 ಕಿಲೋಮೀಟರ್ ಸುರಂಗ 2016ರ ಏಪ್ರಿಲ್ ಕೊನೆಯಲ್ಲಿ ತೆರೆಯಿತು. ಮೆಟ್ರೊ ಸುರಂಗಗಳಿಗೆ ಗಾಳಿ ಊಡಿಸುವ ಆಳೆತ್ತರದ ಫ್ಯಾನುಗಳು ಎರಡೂ ದಿಕ್ಕಿಗೆ ತಿರುಗಬಲ್ಲವು. ಸುರಂಗದಲ್ಲಿ ಬೆಂಕಿ ಹೊತ್ತಿಕೊಂಡರೆ ಒಂದು ಕಡೆಯವು ತಳ್ಳಿ, ಇನ್ನೊಂದು ಕಡೆಯವು ಎಳೆದು, ಹೊಗೆಯನ್ನು ಒಂದೇ ದಿಕ್ಕಿಗೆ ಓಡಿಸಬೇಕು. ಪ್ರಯಾಣಿಕರು ಹೊಸ ಗಾಳಿಗೆ ಎದುರಾಗಿ ನಡೆದು ಪಾರಾಗಬೇಕು. ಗಾಳಿಯ ವೇಗ ಒಂದು ಮಿತಿಗಿಂತ ಕಡಿಮೆಯಾದರೆ ಹೊಗೆ ಸೂರಿಗೆ ಅಂಟಿಕೊಂಡು ಜನರ ಕಡೆಗೇ ಹಿಂದಿರುಗುತ್ತದೆ. ಕಿಲೋಮೀಟರುಗಟ್ಟಲೆ ಸುರಂಗದಲ್ಲಿ ಪ್ರತಿ ರೆಕ್ಕೆಯ ಮೈಗೂ ಕೂದಲೆಳೆಯ ಕೋಶ ಕೂರಿಸುತ್ತ ಹೋದರೆ ಕೆಲಸ ಮುಗಿಯದು. ಅಲ್ಲಿ ಫ್ಯಾನನ್ನು ಒಂದು ತೆಳು ತಟ್ಟೆಯೆಂದು ಭಾವಿಸಿ, ಇಷ್ಟು ಹರಿವಿಗೆ ಇಷ್ಟು ನೂಕುಬಲ ಎಂದು ಪರೀಕ್ಷೆಯಲ್ಲಿ ಅಳೆದ ಪಟ್ಟಿಯನ್ನು ತುಂಬುತ್ತಾರೆ. ಹೊಗೆ ಎತ್ತ ಹೋಗುತ್ತದೆ ಎಂಬ ಪ್ರಶ್ನೆಗೆ ಅಷ್ಟು ಸಾಕು, ರೆಕ್ಕೆ ಯಾಕೆ ಸದ್ದು ಮಾಡುತ್ತದೆ ಎಂಬ ಪ್ರಶ್ನೆಗೆ ಸಾಲದು. ಯಾವ ಪ್ರಶ್ನೆಗೆ ಎಷ್ಟು ವಿವರ ಎಂದು ಅಳೆದು ತೂಗುವುದರಲ್ಲೇ ಈ ವಿದ್ಯೆಯ ಹದ ಇದೆ.

ಸಿಮ್ಯುಲೇಶನ್ನಿನ ಉತ್ತರವನ್ನು ಎಷ್ಟು ನಂಬಬೇಕು ಎಂಬ ವಿಷಯಕ್ಕೆ ಬಂದರೆ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ದುರಂತವನ್ನು ನೆನೆಯಬೇಕು. 1987ರ ನವೆಂಬರ್ 18ರ ಸಂಜೆ ಅಲ್ಲಿನ ಮರದ ಎಸ್ಕಲೇಟರಿನಲ್ಲಿ ಹುಟ್ಟಿದ ಸಣ್ಣ ಬೆಂಕಿ ಒಮ್ಮೆಲೇ ಟಿಕೆಟ್ ಹಾಲಿಗೆ ನುಗ್ಗಿ 31 ಜನ ಸತ್ತರು. ಕಾರಣ ಹುಡುಕಲು ಹಾರ್ವೆಲ್ ಸಂಶೋಧನಾ ಕೇಂದ್ರದಲ್ಲಿ ಮಾಡಿದ ಸಿಮ್ಯುಲೇಶನ್ನಿನಲ್ಲಿ ಜ್ವಾಲೆ ನೆಟ್ಟಗೆ ಏಳದೆ ಎಸ್ಕಲೇಟರಿನ ತೋಡಿನೊಳಗೇ ಮಲಗಿ ಮೇಲಕ್ಕೆ ಹರಿಯಿತು. ಬೆಂಕಿ ಹಾಗೆ ಉರಿಯುವುದನ್ನು ಯಾರೂ ಕಂಡಿರಲಿಲ್ಲ, ಲೆಕ್ಕವೇ ತಪ್ಪಿರಬೇಕು ಎಂದು ಅನುಮಾನಿಸಿದರು. ಬಕ್ಸ್‌ಟನ್ ಪ್ರಯೋಗಾಲಯದಲ್ಲಿ ಎಸ್ಕಲೇಟರಿನ ಚಿಕ್ಕ ಮಾದರಿ ಕಟ್ಟಿ ಬೆಂಕಿ ಹಚ್ಚಿದಾಗ ಜ್ವಾಲೆ ಕಂಪ್ಯೂಟರ್ ತೋರಿಸಿದಂತೆಯೇ ಮಲಗಿತು. ಕಂಪ್ಯೂಟರಿನ ಮಾತಿಗೆ ಅಂದು ಬೆಲೆ ಬಂದದ್ದು ಪ್ರಯೋಗ ಜೊತೆ ನಿಂತದ್ದರಿಂದ.

ಫ್ಯಾನಿಗೂ ಅಂಥ ಪರೀಕ್ಷೆಗಳಿವೆ. ಐಎಸ್‌ಒ 5801 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಫ್ಯಾನಿನ ಹರಿವು, ಒತ್ತಡ, ಶಕ್ತಿಯನ್ನು ಅಳೆಯಬಹುದು. ಅಷ್ಟು ಸೌಲಭ್ಯ ಇಲ್ಲದವರೂ ಕೈಲೆಕ್ಕದಲ್ಲೇ ಕಳ್ಳನನ್ನು ಹಿಡಿಯಬಹುದು. ನಮ್ಮ ಫ್ಯಾನ್ ಸೆಕೆಂಡಿಗೆ 2.8 ಘನ ಮೀಟರ್ ಗಾಳಿಯನ್ನು 250 ಪಾಸ್ಕಲ್ ಒತ್ತಡಕ್ಕೆ ಏರಿಸುತ್ತಿದೆ ಎನ್ನಿ. ಎರಡನ್ನೂ ಗುಣಿಸಿದರೆ 700 ವ್ಯಾಟ್, ಗಾಳಿಗೆ ಸಿಕ್ಕ ಶಕ್ತಿ. ರೆಕ್ಕೆಗಳ ಮೇಲಿನ ತಿರುಚುಬಲ 7 ನ್ಯೂಟನ್ ಮೀಟರ್ ಎಂದು ಬಂದರೆ, ಅದನ್ನು 150.8ರಿಂದ ಗುಣಿಸಿ ಸುಮಾರು 1,056 ವ್ಯಾಟ್. ದಕ್ಷತೆ ಶೇ 66, ನಂಬುವಂಥದ್ದು. ತಿರುಚುಬಲ 4 ಎಂದು ಬಂದರೆ ಕೊಟ್ಟದ್ದು 603 ವ್ಯಾಟ್, ಪಡೆದದ್ದು 700! ಅಲ್ಲಿಗೆ ಎಲ್ಲೋ ಗೋಡೆ ತಿರುಗುತ್ತಿದೆ, ಇಲ್ಲವೇ ಮೆಶ್ ಒರಟಾಗಿದೆ ಎಂದು ತಿಳಿದು ಹಿಂದಿರುಗಬೇಕು. ಮೆಶ್ಶನ್ನು ಎರಡು ಮೂರು ಹಂತದಲ್ಲಿ ನವುರು ಮಾಡಿ ಉತ್ತರ ನಿಲ್ಲುತ್ತದೆಯೇ ಎಂದು ನೋಡುವ ಕ್ರಮವೂ ಕಡ್ಡಾಯ. ಒರಟು, ನವುರು ಉತ್ತರಗಳನ್ನು ಸೇರಿಸಿ ಇನ್ನೂ ನಿಖರವಾದದ್ದನ್ನು ಅಂದಾಜು ಮಾಡುವ ಸೂತ್ರಕ್ಕೆ ಇರುವುದು ಅದೇ ರಿಚರ್ಡ್‌ಸನ್‌ನ ಹೆಸರು.

ಈ ಕಲಿಕೆಗೆ ಹಣ ಅಡ್ಡಿಯಾಗಿದ್ದ ಕಾಲ ಹೋಯಿತು. ಓಪನ್‌ಫೋಮ್ 2004ರಿಂದ ಮುಕ್ತವಾಗಿ ಸಿಗುತ್ತಿದೆ. ಮುಂಬೈ ಐಐಟಿಯ ಫಾಸಿ ಯೋಜನೆ ಅದನ್ನು ವಿದ್ಯಾರ್ಥಿಗಳಿಗೆ ತಲುಪಿಸುವ ಕೆಲಸ ಮಾಡುತ್ತಿದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಮೆಕ್ಯಾನಿಕಲ್ ವಿಭಾಗಗಳಲ್ಲಿ ಬ್ಲೋವರ್ ಪರೀಕ್ಷೆಯ ಸಲಕರಣೆ ಇದ್ದೇ ಇರುತ್ತದೆ, ಹಲವು ಕಡೆ ಬಟ್ಟೆ ಹೊದ್ದು ಮೂಲೆ ಸೇರಿರುತ್ತದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಬಣ್ಣದ ಚಿತ್ರಗಳ ವರದಿ ಕಟ್ಟುವ ವಿದ್ಯಾರ್ಥಿಗಳೇ, ಒಂದು ದಿನ ಆ ಬಟ್ಟೆ ಸರಿಸಿ. ಫೀಲರ್ ಗೇಜ್ ತೆಗೆದುಕೊಂಡು ರೆಕ್ಕೆಗೂ ಗೋಡೆಗೂ ನಡುವಿನ ಸಂದು ಎಷ್ಟಿದೆ ಎಂದು ಅಳೆಯಿರಿ. ಪಿಟೋ ಕೊಳವೆ ಇಟ್ಟು ಐದಾರು ಹರಿವುಗಳಲ್ಲಿ ಒತ್ತಡ ಬರೆದುಕೊಳ್ಳಿ. ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಅದೇ ಫ್ಯಾನನ್ನು, ಅದೇ ಸಂದಿನೊಂದಿಗೆ ಕಟ್ಟಿ, ಅಳೆದದ್ದರ, ಲೆಕ್ಕ ಹಾಕಿದ್ದರ ಎರಡೂ ಗೆರೆಗಳನ್ನು ಒಂದೇ ಹಾಳೆಯ ಮೇಲೆ ಎಳೆದು ನಿಮ್ಮ ಮೇಷ್ಟ್ರಿಗೆ ತೋರಿಸಿ.